ಮರದೊಡನೆ ಮರದ ಜಾತಕವೂ ಬೇಕು

ಒಂದು ದೇಶದ ಅರಣ್ಯದಲ್ಲಿ ನಡೆದ ಅಕ್ರಮ ಕಡಿತಲೆಗೆ ಮತ್ತೊಂದು ದೇಶದ ಬಂದರಿನಲ್ಲಿ ಲೆಕ್ಕ ಕೇಳುವ ಪದ್ಧತಿ ವಿಶ್ವ ವಾಣಿಜ್ಯದಲ್ಲಿ ಈಗ ನೆಲೆಯೂರಿದೆ. ಅಮೆರಿಕವು 1900ರಷ್ಟು ಹಳೆಯದಾದ ತನ್ನ ಲೇಸಿ ಕಾಯ್ದೆಯನ್ನು 2008ರಲ್ಲಿ ತಿದ್ದಿ, ಮರ ಮತ್ತು ಮರದ ಉತ್ಪನ್ನಗಳನ್ನು ಅದರ ವ್ಯಾಪ್ತಿಗೆ ತಂದಿತು. ಐರೋಪ್ಯ ಒಕ್ಕೂಟದ ಮರಮುಟ್ಟು ನಿಯಮಾವಳಿ 2013ರ ಮಾರ್ಚ್ 3ರಿಂದ ಜಾರಿಗೆ ಬಂದಿತು. ಆಸ್ಟ್ರೇಲಿಯ 2012ರಲ್ಲಿ, ಜಪಾನ್ 2016ರಲ್ಲಿ ಇದೇ ದಿಕ್ಕಿನ ಕಾಯ್ದೆಗಳನ್ನು ಅಂಗೀಕರಿಸಿದವು. 2020ರ ಜುಲೈನಿಂದ ಜಾರಿಯಲ್ಲಿರುವ ಚೀನಾದ ಪರಿಷ್ಕೃತ ಅರಣ್ಯ ಕಾನೂನು ಸಹ, ಅಕ್ರಮ ಮೂಲದ್ದೆಂದು ತಿಳಿದ ಮರವನ್ನು ಖರೀದಿಸುವುದನ್ನೂ ಸಂಸ್ಕರಿಸುವುದನ್ನೂ ನಿಷೇಧಿಸಿದೆ.

ಕಳ್ಳ ಕೊಡಲಿಗೆ ಮಾರುಕಟ್ಟೆಯೇ ಸಿಗದಂತೆ ಮಾಡಬೇಕೆಂಬ ಈ ನೀತಿಗಳ ಉದ್ದೇಶ ಯೋಗ್ಯವಾದುದು. ಲಂಡನ್ನಿನ ಚಾಥಮ್ ಹೌಸ್ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 2002ರ ನಂತರ ಅಕ್ರಮ ಮರಮುಟ್ಟಿನ ಉತ್ಪಾದನೆ ಶೇಕಡಾ 22ರಷ್ಟು ತಗ್ಗಿದೆಯೆಂದು ಅಂದಾಜು ಮಾಡಿತ್ತು. ಕಳವಿನ ಮಾಲು ಅಗ್ಗವಾಗಿ ಬಿಕರಿಯಾಗುವ ಕಡೆ ತೆರಿಗೆ ತೆತ್ತು ವ್ಯಾಪಾರ ಮಾಡುವವನಿಗೆ ಉಳಿಗಾಲವಿಲ್ಲ. ಆದ್ದರಿಂದ ಈ ಕಾನೂನುಗಳು ಪ್ರಾಮಾಣಿಕ ವ್ಯಾಪಾರಿಯ ಹಿತವನ್ನೇ ಕಾಯಬೇಕಾಗಿತ್ತು. ಆದರೆ ಪ್ರತಿಯೊಂದು ಕಾನೂನಿಗೂ ಒಂದು ಖರ್ಚಿದೆ. ಆ ಖರ್ಚು ಯಾರ ಲೆಕ್ಕಪುಸ್ತಕದಲ್ಲಿ ಬರೆಯಲ್ಪಡುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಕಳೆದ ಎರಡು ದಶಕಗಳ ಅನುಭವ ನೀಡುವ ಉತ್ತರ ಇಷ್ಟು: ಖರೀದಿದಾರನಿಗೆ ಈಗ ಮರದಷ್ಟೇ ಮರದ ಜಾತಕವೂ ಬೇಕು. ಜಾತಕ ಬರೆಸುವ ವೆಚ್ಚ ನೂರು ಎಕರೆಯ ಒಡೆಯನಿಗೂ ಮೂರು ಎಕರೆಯ ರೈತನಿಗೂ ಹೆಚ್ಚುಕಡಿಮೆ ಒಂದೇ. ಆ ವೆಚ್ಚವನ್ನು ಹಂಚಿಕೊಳ್ಳುವ ವ್ಯವಸ್ಥೆ ಇರುವ ದೇಶದ ಸಣ್ಣ ಉದ್ಯಮಿ ಉಳಿಯುತ್ತಾನೆ. ಇಲ್ಲದ ದೇಶದ ಸಣ್ಣ ಉದ್ಯಮಿ ಯಾವ ಅಪರಾಧವನ್ನೂ ಮಾಡದೆ ಮಾರುಕಟ್ಟೆಯಿಂದ ಹೊರಬೀಳುತ್ತಾನೆ.

ರಫ್ತು ರಾಷ್ಟ್ರಗಳ ಅನುಭವ

ಇಂಡೋನೇಷ್ಯದ ಉದಾಹರಣೆ ಗಮನಾರ್ಹವಾದುದು. ಅಕ್ರಮ ಕಡಿತಲೆಯ ಅಪಖ್ಯಾತಿ ಹೊತ್ತಿದ್ದ ಆ ದೇಶವು 2009ರಲ್ಲಿ ತನ್ನದೇ ಆದ ಮರಮುಟ್ಟು ಪರಿಶೀಲನಾ ಪದ್ಧತಿಯನ್ನು ರೂಪಿಸಿತು. ಅದರ ಆಧಾರದ ಮೇಲೆ 2013ರಲ್ಲಿ ಐರೋಪ್ಯ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡು, 2016ರ ನವೆಂಬರ್ 15ರಿಂದ ಪ್ರತಿ ರವಾನೆಗೂ ಕಾನೂನುಬದ್ಧತೆಯ ಪರವಾನಗಿ ನೀಡಲಾರಂಭಿಸಿತು. ಇಂಥ ಪರವಾನಗಿ ನೀಡಿದ ಮೊದಲ ರಾಷ್ಟ್ರ ಅದು. ಪರವಾನಗಿ ಇದ್ದ ಮಾಲನ್ನು ಯೂರೋಪಿನ ಆಮದುದಾರ ಮತ್ತೆ ತನಿಖೆಗೆ ಒಳಪಡಿಸಬೇಕಾಗಿರಲಿಲ್ಲ. ಆದರೆ ಜಾವಾ ದ್ವೀಪದ ಜೆಪಾರಾ ಪಟ್ಟಣದ ಸಣ್ಣ ಪೀಠೋಪಕರಣ ತಯಾರಕರಿಗೆ ಪ್ರಮಾಣಪತ್ರದ ಶುಲ್ಕವೇ ಹೊರೆಯಾಯಿತು. ಅವರ ಅಹವಾಲಿನ ಫಲವಾಗಿ ಹಲವರು ಒಂದೇ ಗುಂಪಾಗಿ ಪ್ರಮಾಣಪತ್ರ ಪಡೆಯುವುದಕ್ಕೂ, ಸರಬರಾಜುದಾರನೇ ಸ್ವಯಂ ಘೋಷಣೆ ಸಲ್ಲಿಸುವುದಕ್ಕೂ ಅವಕಾಶ ಮಾಡಿಕೊಡಲಾಯಿತು. ಗುಂಪಾಗಿ ನಿಂತವರು ವೆಚ್ಚವನ್ನು ಹಂಚಿಕೊಂಡರು.

ಘಾನಾ ದೇಶವು 2009ರಲ್ಲಿಯೇ ಐರೋಪ್ಯ ಒಕ್ಕೂಟದೊಡನೆ ಇಂಥದೇ ಒಪ್ಪಂದಕ್ಕೆ ಸಹಿ ಹಾಕಿತ್ತು. ಪರವಾನಗಿ ನೀಡುವ ಹಂತ ತಲುಪಲು 2025ರವರೆಗೆ ಕಾಯಬೇಕಾಯಿತು. ಸಣ್ಣ ರಾಷ್ಟ್ರಕ್ಕೆ ಕಾಗದಪತ್ರದ ವ್ಯವಸ್ಥೆ ಕಟ್ಟುವುದೇ ಹದಿನಾರು ವರ್ಷಗಳ ಕೆಲಸವಾಯಿತೆಂಬುದನ್ನು ಮರೆಯಲಾಗದು.

ಮ್ಯಾನ್ಮಾರ್ ದೇಶದ ಕಥೆ ಇದಕ್ಕೆ ತದ್ವಿರುದ್ಧ. 2014ರ ಏಪ್ರಿಲ್‌ನಿಂದ ಅದು ಮರದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿತು. ಆದರೂ ಅಲ್ಲಿನ ತೇಗ ಯಾವ ಕಾಡಿನದೆಂದು ತೋರಿಸುವ ನಂಬಲರ್ಹ ದಾಖಲೆ ಇಲ್ಲವೆಂಬ ಕಾರಣದಿಂದ ಯೂರೋಪಿನ ಅಧಿಕಾರಿಗಳು 2017ರ ಹೊತ್ತಿಗೆ ಬಿಗಿ ನಿಲುವು ತಳೆದರು. 2021ರ ಸೇನಾ ದಂಗೆಯ ಬಳಿಕ ಸರ್ಕಾರಿ ಮರಮುಟ್ಟು ಸಂಸ್ಥೆಯ ಮೇಲೆ ಅಮೆರಿಕವೂ ಐರೋಪ್ಯ ಒಕ್ಕೂಟವೂ ನಿರ್ಬಂಧ ಹೇರಿದವು. ನೇಮದಿಂದ ವ್ಯಾಪಾರ ಮಾಡುತ್ತಿದ್ದವನೂ ಕಳ್ಳನೊಡನೆಯೇ ಬಾಗಿಲ ಹೊರಗೆ ನಿಂತನು. ದಾಖಲೆ ಇಲ್ಲದ ಕಡೆ ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ.

ಇಂಥ ಅನುಭವ ಭಾರತಕ್ಕೆ ಹೊಸದಲ್ಲ. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ನೀಡಿದ ಆದೇಶವು ಈಶಾನ್ಯ ರಾಜ್ಯಗಳಿಂದ ಹೊರಕ್ಕೆ ಮರ ಸಾಗಿಸುವುದನ್ನು ತಡೆಯಿತು. ಅರಣ್ಯ ಉಳಿಯಿತು. ಆದರೆ ಅಸ್ಸಾಂ, ಅರುಣಾಚಲ ಪ್ರದೇಶಗಳ ಪ್ಲೈವುಡ್ ಕಾರ್ಖಾನೆಗಳು ಮುಚ್ಚಿದವು. ಆ ಉದ್ಯಮವು ಹರಿಯಾಣದ ಯಮುನಾನಗರದಂಥ ಕಡೆ, ರೈತರು ಹೊಲದಲ್ಲಿ ಬೆಳೆದ ಪಾಪ್ಲರ್ ಮತ್ತು ನೀಲಗಿರಿಯನ್ನು ನಂಬಿ ಬೆಳೆಯಿತು. ಕಾಡಿನ ಮರಕ್ಕೆ ಬಾಗಿಲು ಮುಚ್ಚಿದಾಗ ಹೊಲದ ಮರಕ್ಕೆ ಬೆಲೆ ಬರುತ್ತದೆ ಎಂಬುದು ಅದರ ಪಾಠ. ಆ ಬೆಲೆ ರೈತನಿಗೆ ದಕ್ಕಬೇಕಾದರೆ, ಅದು ಹೊಲದ ಮರವೇ ಎಂದು ತೋರಿಸಬಲ್ಲ ದಾಖಲೆ ಅವನ ಕೈಯಲ್ಲಿರಬೇಕು.

ಬೀಟೆ ಕಲಿಸಿದ ಪಾಠ

ಪಶ್ಚಿಮ ಘಟ್ಟದ ಬೀಟೆ ಮರ ಗಿಟಾರಿನ ಬೆರಳುಪಟ್ಟಿಗೆ ಜಗತ್ಪ್ರಸಿದ್ಧ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕಾರಿಗಳು ಟೆನೆಸ್ಸಿ ರಾಜ್ಯದ ಗಿಬ್ಸನ್ ಗಿಟಾರ್ ಕಂಪನಿಯ ಮೇಲೆ ದಾಳಿ ನಡೆಸಿ, ಭಾರತದಿಂದ ಬಂದಿದ್ದ ಬೀಟೆ ಮತ್ತು ಕರಿಮರದ ಪಟ್ಟಿಗಳನ್ನು ವಶಪಡಿಸಿಕೊಂಡರು. ವಿವಾದದ ತಿರುಳು ಕಡಿತಲೆಯಲ್ಲಿರದೆ ಸುಂಕಪಟ್ಟಿಯ ಸಂಖ್ಯೆಯಲ್ಲಿತ್ತು. ಆರು ಮಿಲಿಮೀಟರಿಗಿಂತ ದಪ್ಪನಾದ ಕೊಯ್ದ ಮರ 4407ನೇ ಶೀರ್ಷಿಕೆಗೆ ಸೇರುತ್ತದೆ. ಅದಕ್ಕಿಂತ ತೆಳುವಾದ ಹಾಳೆ 4408ಕ್ಕೆ ಸೇರುತ್ತದೆ. ವಾದ್ಯದ ಬಿಡಿಭಾಗ 9209ಕ್ಕೆ ಸೇರುತ್ತದೆ. ಭಾರತದ ವಿದೇಶ ವ್ಯಾಪಾರ ನೀತಿ ಕೊಯ್ದ ಬೀಟೆಯ ರಫ್ತನ್ನು ನಿರ್ಬಂಧಿಸಿದ್ದು, ಸಿದ್ಧಪಡಿಸಿದ ಭಾಗಗಳಿಗೆ ಅವಕಾಶ ನೀಡಿತ್ತು. ಒಂದೇ ಪಟ್ಟಿ ಒಂದು ಕಾಗದದಲ್ಲಿ ಒಂದು ಬಗೆಯಾಗಿ, ಇನ್ನೊಂದರಲ್ಲಿ ಇನ್ನೊಂದು ಬಗೆಯಾಗಿ ನಮೂದಾಗಿತ್ತು.

2012ರ ಆಗಸ್ಟ್‌ನಲ್ಲಿ ಆದ ಒಪ್ಪಂದದಂತೆ ಕಂಪನಿಯು 3 ಲಕ್ಷ ಡಾಲರ್ ದಂಡ ತೆತ್ತಿತು. ಒಪ್ಪಂದದ ಮುಖ್ಯ ಭಾಗ ಮಡಗಾಸ್ಕರಿನ ಕರಿಮರಕ್ಕೆ ಸಂಬಂಧಿಸಿತ್ತು. ಭಾರತದ ಮರದ ವಿಷಯದಲ್ಲಿ, ಸುಂಕ ವರ್ಗೀಕರಣ ಅಸ್ಪಷ್ಟವಾಗಿದೆಯೆಂದು ಅಮೆರಿಕ ಸರ್ಕಾರವೇ ಒಪ್ಪಿ ಮಾಲನ್ನು ಹಿಂದಿರುಗಿಸಿತು. ಅಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ದೊಡ್ಡ ಕಂಪನಿಗೆ ವಕೀಲರಿದ್ದರು. ಹತ್ತು ಜನ ಕೆಲಸಗಾರರ ಕೊಯ್ಲು ಘಟಕವೊಂದು ತನ್ನ ಖರೀದಿದಾರನ ಗೋದಾಮಿನಲ್ಲಿ ಮಾಲು ಒಂದು ವರ್ಷ ಬಿದ್ದಿರುವುದನ್ನು ಸಹಿಸಲಾರದು.

ಇದೇ ಕುಲದ ಮರಕ್ಕೆ ಎರಡನೆಯ ಪೆಟ್ಟು 2017ರ ಜನವರಿ 2ರಂದು ಬಿದ್ದಿತು. ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಸೈಟಿಸ್, ಬೀಟೆ ಮತ್ತು ಶೀಷಮ್ ಸೇರಿದ ಡಾಲ್ಬರ್ಜಿಯ ಕುಲದ ಎಲ್ಲ ಪ್ರಭೇದಗಳನ್ನೂ ತನ್ನ ಎರಡನೆಯ ಅನುಬಂಧಕ್ಕೆ ಸೇರಿಸಿತು. ಉತ್ತರ ಭಾರತದ ರೈತರು ಹೊಲದ ಬದುಗಳಲ್ಲಿ ಹೇರಳವಾಗಿ ಬೆಳೆಯುವ ಶೀಷಮ್ ಕೂಡ ಕಾಡಿನ ಅಪರೂಪದ ಮರದೊಡನೆ ಒಂದೇ ಪಟ್ಟಿಗೆ ಬಿದ್ದಿತು. ಪಟ್ಟಿಗೆ ಸೇರುವ ಮುನ್ನ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಯಷ್ಟಿದ್ದ ಶೀಷಮ್ ಕರಕುಶಲ ವಸ್ತುಗಳ ರಫ್ತು 500ರಿಂದ 600 ಕೋಟಿಗೆ ಇಳಿಯಿತೆಂದೂ, ಸುಮಾರು 50,000 ಕುಶಲಕರ್ಮಿಗಳ ಜೀವನಕ್ಕೆ ಧಕ್ಕೆಯಾಯಿತೆಂದೂ ಕೇಂದ್ರ ಸರ್ಕಾರ ತಿಳಿಸಿತು. 2022ರ ನವೆಂಬರ್‌ನಲ್ಲಿ ಪನಾಮದಲ್ಲಿ ನಡೆದ ಸಮ್ಮೇಳನವು, ಹತ್ತು ಕಿಲೋಗ್ರಾಮಿನ ಮಿತಿಯನ್ನು ಇಡೀ ರವಾನೆಗೆ ಬದಲಾಗಿ ಪ್ರತಿ ವಸ್ತುವಿಗೆ ಲೆಕ್ಕ ಹಾಕಬೇಕೆಂದು ಸ್ಪಷ್ಟಪಡಿಸಿದ ಮೇಲೆ ಉಸಿರಾಡುವಂತಾಯಿತು. ಒಂದು ವಾಕ್ಯದ ಅರ್ಥ ಸ್ಪಷ್ಟವಾಗಲು ಸುಮಾರು ಆರು ವರ್ಷ ಹಿಡಿಯಿತು. ಹೊಲದ ಮರ ಯಾವುದು, ಕಾಡಿನ ಮರ ಯಾವುದು ಎಂದು ಬೇರ್ಪಡಿಸಿ ತೋರಿಸುವ ವ್ಯವಸ್ಥೆ ಮೊದಲೇ ಇದ್ದಿದ್ದರೆ ಭಾರತದ ವಾದಕ್ಕೆ ಬಲ ಬರುತ್ತಿತ್ತು.

ಕಾಫಿ ತೋಟದಿಂದ ಬಯಲುಸೀಮೆಗೆ

ಈಗ ಎದುರಾಗಿರುವುದು ಇನ್ನೂ ವಿಸ್ತಾರವಾದ ಕಾನೂನು. 2023ರ ಜೂನ್ 29ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮಾವಳಿ ಹಳೆಯ ಮರಮುಟ್ಟು ನಿಯಮಾವಳಿಯ ಜಾಗಕ್ಕೆ ಬರಲಿದೆ. ಮರವಲ್ಲದೆ ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ ಮತ್ತು ದನ ಹಾಗೂ ಇವುಗಳ ಉತ್ಪನ್ನಗಳನ್ನು ಅದು ಒಳಗೊಂಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಮಾಲು ಯೂರೋಪಿನ ಮಾರುಕಟ್ಟೆ ಸೇರುವಂತಿಲ್ಲ. ಮಾಲು ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶ ಕೊಡಬೇಕು; ನಾಲ್ಕು ಹೆಕ್ಟೇರ್ ಮೀರಿದರೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ಉತ್ಪಾದನೆ ಆಯಾ ದೇಶದ ಕಾನೂನಿನಂತೆ ನಡೆದಿರಬೇಕು. ಎರಡು ಬಾರಿ ಮುಂದೂಡಿದ ಬಳಿಕ, 2025ರ ಡಿಸೆಂಬರ್‌ನ ತಿದ್ದುಪಡಿಯಂತೆ ದೊಡ್ಡ ಹಾಗೂ ಮಧ್ಯಮ ಉದ್ಯಮಗಳಿಗೆ 2026ರ ಡಿಸೆಂಬರ್ 30, ಅತಿ ಸಣ್ಣ ಹಾಗೂ ಸಣ್ಣ ಉದ್ಯಮಗಳಿಗೆ 2027ರ ಜೂನ್ 30 ಅನ್ವಯದ ದಿನಾಂಕಗಳಾಗಿ ನಿಗದಿಯಾದವು. ಈ ವಿಂಗಡಣೆ ಯೂರೋಪಿನ ಉದ್ಯಮಗಳಿಗೆ ಸಂಬಂಧಿಸಿದ್ದು. ಭಾರತದ ಸಣ್ಣ ರಫ್ತುದಾರನಿಗೆ ಅವನ ಖರೀದಿದಾರನ ದಿನಾಂಕವೇ ದಿನಾಂಕ.

2025ರ ಮೇ ತಿಂಗಳಲ್ಲಿ ಪ್ರಕಟವಾದ ವರ್ಗೀಕರಣದಲ್ಲಿ ಭಾರತ ಕಡಿಮೆ ಅಪಾಯದ ರಾಷ್ಟ್ರಗಳ ಸಾಲಿನಲ್ಲಿದೆ. ಇದು ಸಮಾಧಾನದ ಸಂಗತಿಯಾದರೂ ಮೈಮರೆಯುವಂತಿಲ್ಲ. ಕಡಿಮೆ ಅಪಾಯದ ದೇಶದ ಮಾಲಿಗೆ ಅಪಾಯದ ವಿಶ್ಲೇಷಣೆಯಿಂದ ವಿನಾಯಿತಿ ಉಂಟು; ಜಮೀನಿನ ಗುರುತು ಕೊಡುವುದರಿಂದ ವಿನಾಯಿತಿ ಇಲ್ಲ.

ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು. ಅದು ಬೆಳೆಯುವ ಮೂರು ಪ್ರಮುಖ ಜಿಲ್ಲೆಗಳಲ್ಲಿ ಚಿಕ್ಕಮಗಳೂರು ಒಂದು. ಅಲ್ಲಿನ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಆಸರೆಯಾಗಿ ನಿಂತಿರುವ ಸಿಲ್ವರ್ ಓಕ್ ಕಾಲಕಾಲಕ್ಕೆ ಮರಮುಟ್ಟಾಗಿಯೂ ಮಾರಾಟವಾಗುತ್ತದೆ. ದಟ್ಟ ನೆರಳಿನ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣುವುದರಿಂದ, ನೆರಳು ತೆಳುಗೊಳಿಸಿದ್ದು ಅಥವಾ ಹಳೆಯ ಗಿಡ ಕಿತ್ತು ಮರುನಾಟಿ ಮಾಡಿದ್ದು ಅರಣ್ಯನಾಶವೆಂದು ತೋರಿಬರುವ ಸಂಭವವಿದೆ. ಇದನ್ನರಿತು ಕಾಫಿ ಮಂಡಳಿಯು ಬೆಳೆಗಾರರ ನೋಂದಣಿಯನ್ನು ಕೈಗೊಂಡಿದೆ. ಕಾಫಿಗೆ ಹೀಗೆ ಕೇಳುವವರು ಒಬ್ಬರಿದ್ದಾರೆ. ಮರಕ್ಕೆ ಯಾರೂ ಇಲ್ಲ.

ಈ ಕೊರತೆ ಎದ್ದು ಕಾಣುವುದು ಅದೇ ಜಿಲ್ಲೆಯ ಬಯಲುಸೀಮೆಯಲ್ಲಿ. ಕಡೂರು ತಾಲ್ಲೂಕಿನ ಯಗಟಿ ಹೋಬಳಿಯಂಥ ಕಡೆ ತೆಂಗು, ರಾಗಿಗಳ ನಡುವೆ ಬದುವಿನಲ್ಲಿ ತೇಗವನ್ನೋ ಹೆಬ್ಬೇವನ್ನೋ ಸಿಲ್ವರ್ ಓಕನ್ನೋ ಬೆಳೆಸುವ ರೈತನಿಗೆ ಆ ಮರ ಮಗಳ ಮದುವೆಗೋ ಕೊಳವೆಬಾವಿಗೋ ಕೂಡಿಟ್ಟ ಗಂಟು. ಅವನು ಮರಗಳನ್ನು ನಿಂತಲ್ಲಿಯೇ ಕಣ್ಣಂದಾಜಿನ ಮೇಲೆ ದಲ್ಲಾಳಿಗೆ ಕೊಡುತ್ತಾನೆ. ದಲ್ಲಾಳಿ ನಾಲ್ಕು ಊರಿನ ಮರವನ್ನು ಒಂದೇ ಲಾರಿಗೆ ತುಂಬಿ ಕಡೂರಿಗೋ ಬೀರೂರಿಗೋ ತರೀಕೆರೆಗೋ ಕಳುಹಿಸುತ್ತಾನೆ. ಸಾಮಿಲ್ಲಿನ ಅಂಗಳದಲ್ಲಿ ದಿಮ್ಮಿ ಇಳಿಯುತ್ತಿದ್ದಂತೆ ಅದರ ಊರು, ಸರ್ವೆ ನಂಬರು ಎಲ್ಲವೂ ಅಳಿಸಿಹೋಗುತ್ತವೆ. ಹಲಗೆಯಾದ ಮೇಲೆ ಅದು ಭದ್ರಾ ಅರಣ್ಯದ ಕಳವೋ ಯಗಟಿಯ ರೈತನ ಬೆವರೋ ಎಂದು ಹೇಳಬಲ್ಲವರಿಲ್ಲ.

ಉದಾಹರಣೆಗೆ, ಒಬ್ಬ ಪೀಠೋಪಕರಣ ತಯಾರಕನಿಗೆ ಒಂದು ಕಂಟೇನರಿನ ಬೇಡಿಕೆ ಬಂದಿತೆನ್ನೋಣ. ಮೂವತ್ತು ರೈತರಿಂದ ಮರ ಕೊಂಡರೆ ಮೂವತ್ತು ಜಮೀನುಗಳ ಗುರುತು ಬೇಕು. ಬೇರ್ಪಡಿಸಲಾಗದಂತೆ ಬೆರೆತ ಮಾಲಿನಲ್ಲಿ ಒಂದರ ದಾಖಲೆ ತಪ್ಪಿದರೂ ಇಡೀ ರವಾನೆ ತಡೆಗೊಳ್ಳುತ್ತದೆ. ಅದೇ ಮರ ಒಂದು ದೊಡ್ಡ ಎಸ್ಟೇಟಿನಲ್ಲಿ ಸಿಕ್ಕರೆ ಒಂದೇ ಕಡತ ಸಾಕು. ಯಾವ ದ್ವೇಷವೂ ಇಲ್ಲದೆ, ಕೇವಲ ಲೆಕ್ಕಾಚಾರದಿಂದ, ವ್ಯಾಪಾರಿ ಎಸ್ಟೇಟಿನ ಕಡೆಗೆ ಹೊರಳುತ್ತಾನೆ. ಅಕ್ರಮ ಕಡಿತಲೆ ತಡೆಯಲು ಹುಟ್ಟಿದ ಕಾನೂನು ಸಣ್ಣ ಹಿಡುವಳಿದಾರನನ್ನು ಹೊರಗಿಡುವ ಬಗೆ ಇದು.

ವಿನಾಯಿತಿಯೇ ತೊಡಕಾದಾಗ

ಇಲ್ಲೊಂದು ವಿಪರ್ಯಾಸವಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ತೆಂಗು, ರಬ್ಬರ್ ಮೊದಲಾದ ಮರಗಳನ್ನು ಕಡಿತಲೆ ಅನುಮತಿಯಿಂದ ಹೊರಗಿರಿಸಿದೆ. ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟದಿಂದ ರೈತನನ್ನು ಬಿಡಿಸಲು ಕೊಟ್ಟ ಈ ವಿನಾಯಿತಿ ಸರಿಯಾದುದೇ. ಆದರೆ ಅನುಮತಿ ಬೇಡವಾದ ಮರಕ್ಕೆ ಕಾಗದವೂ ಇಲ್ಲ. ಒಳನಾಡಿನಲ್ಲಿ ಅನುಕೂಲವಾದದ್ದೇ ಬಂದರಿನಲ್ಲಿ ಕೊರತೆಯಾಗುತ್ತದೆ. ಹೆಚ್ಚು ನಿರ್ಬಂಧವಿರುವ ತೇಗಕ್ಕೆ ಅರಣ್ಯ ಇಲಾಖೆಯ ಸಾಗಾಣಿಕೆ ರಹದಾರಿ ದೊರೆಯುತ್ತದೆ. ನಿರ್ಬಂಧವೇ ಇಲ್ಲದ ಸಿಲ್ವರ್ ಓಕ್ ತನ್ನ ಮೂಲ ಹೇಳಲಾರದೆ ನಿಲ್ಲುತ್ತದೆ.

ಹಾಗೆಂದು ಪುರಾವೆಯ ಸಾಮಗ್ರಿ ಕರ್ನಾಟಕದಲ್ಲಿ ಇಲ್ಲವೆನ್ನಲಾಗದು. ಭೂಮಿ ಯೋಜನೆಯಿಂದ ಪಹಣಿ ಗಣಕೀಕರಣಗೊಂಡು ಎರಡು ದಶಕಗಳೇ ಕಳೆದಿವೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಮೊಬೈಲಿನಲ್ಲಿಯೇ ತೋರಿಸುತ್ತದೆ. ದೇಶಾದ್ಯಂತ ಒಂದೇ ರಹದಾರಿ ಎಂಬ ಗುರಿಯ ರಾಷ್ಟ್ರೀಯ ಸಾಗಾಣಿಕೆ ಪರವಾನಗಿ ವ್ಯವಸ್ಥೆಗೆ 2023ರ ಡಿಸೆಂಬರ್ 29ರಂದು ಚಾಲನೆ ದೊರೆಯಿತು. ಅದೇ ತಿಂಗಳು ಕೇಂದ್ರ ಸರ್ಕಾರ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನೂ ಪ್ರಕಟಿಸಿತು. 2025ರ ಜೂನ್‌ನಲ್ಲಿ ಹೊರಬಂದ, ಕೃಷಿ ಭೂಮಿಯ ಮರ ಕಡಿತಲೆ ಕುರಿತ ಮಾದರಿ ನಿಯಮಗಳು, ರೈತನು ತನ್ನ ನೆಡುತೋಪನ್ನು ಸ್ಥಳದ ಗುರುತಿನೊಡನೆ ಜಾಲತಾಣದಲ್ಲಿ ನೋಂದಾಯಿಸುವ ಪದ್ಧತಿಯನ್ನು ಸೂಚಿಸಿವೆ. ಬಿಡಿ ಬಿಡಿಯಾಗಿ ಎಲ್ಲವೂ ಇವೆ. ಒಂದನ್ನೊಂದು ಪೋಣಿಸುವ ದಾರವಿಲ್ಲ.

ಆಕ್ಷೇಪಗಳು

ಇವೆಲ್ಲ ಶ್ರೀಮಂತ ರಾಷ್ಟ್ರಗಳು ಸುಂಕದ ಬದಲಿಗೆ ಕಟ್ಟುವ ಹೊಸ ಗೋಡೆಗಳು, ಇವನ್ನು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರತಿಭಟಿಸಬೇಕು ಎಂಬ ವಾದವಿದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಇಂಡೋನೇಷ್ಯ ಕಷ್ಟಪಟ್ಟು ಗಳಿಸಿದ ಪರವಾನಗಿಯನ್ನು ಹೊಸ ನಿಯಮಾವಳಿಯು ಕಾನೂನುಬದ್ಧತೆಗೆ ಮಾತ್ರ ಸಾಕ್ಷಿಯೆಂದು ಪರಿಗಣಿಸುತ್ತದೆ. ಅರಣ್ಯನಾಶವಾಗಿಲ್ಲವೆಂದು ತೋರಿಸಲು ಬೇರೆ ಪುರಾವೆ ಕೇಳುತ್ತದೆ. ಓಟದ ನಡುವೆ ಗೆರೆ ಸರಿಸಿದಂತೆ ಇದು. ಭಾರತವೂ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿಗಳಲ್ಲಿ ತನ್ನ ಆತಂಕವನ್ನು ದಾಖಲಿಸಿದೆ. ಪ್ರತಿಭಟನೆ ಸರ್ಕಾರದ ಕರ್ತವ್ಯ, ಅದು ಮುಂದುವರಿಯಲಿ. ಆದರೆ ಜಿನೀವಾದಲ್ಲಿ ತೀರ್ಮಾನವಾಗುವವರೆಗೆ ಹ್ಯಾಂಬರ್ಗಿನ ಖರೀದಿದಾರ ಕಾಯುವುದಿಲ್ಲ.

ಯೂರೋಪಿಗೆ ಮಾರುವವರು ಎಷ್ಟು ಮಂದಿ, ಒಳನಾಡಿನ ಗಿರಾಕಿಯೇ ಸಾಕಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇಂದಿಗೆ ಅದು ನಿಜ. ಬಾಗಿಲು, ಕಿಟಕಿ, ಮಂಚ ಮಾಡುವ ಬಹುಪಾಲು ಘಟಕಗಳು ರಫ್ತಿನ ಗೋಜಿಗೆ ಹೋಗುವುದಿಲ್ಲ. ತೆಂಗಿನ ವ್ಯಾಪಾರಿ ಮಾಲು ತುಂಬಲು ಬಳಸುವ ಮರದ ಪೆಟ್ಟಿಗೆ ಕೂಡ, ಕೇವಲ ಹೊದಿಕೆಯಾಗಿ ಹೋಗುವವರೆಗೆ, ಯೂರೋಪಿನ ನಿಯಮಾವಳಿಗೆ ಒಳಪಡುವುದಿಲ್ಲ. ಆದರೆ ಸಣ್ಣ ತಯಾರಕನ ಹಲಗೆ ಬೆಂಗಳೂರಿನ ದೊಡ್ಡ ರಫ್ತು ಘಟಕಕ್ಕೆ ಹೋದರೆ ಅದೇ ಪ್ರಶ್ನೆ ಹಿಂಬರಹವಾಗಿ ಅವನಲ್ಲಿಗೇ ಬರುತ್ತದೆ. ಘಾನಾದ್ದೋ ದಕ್ಷಿಣ ಅಮೆರಿಕದ್ದೋ ಆಮದು ತೇಗ ಕೊಯ್ದು ಮಾರುವವನಿಗೂ ಇದು ತಪ್ಪಿದ್ದಲ್ಲ. ಅವನು ಅಲ್ಲಿನ ಜಮೀನಿನ ಗುರುತನ್ನು ಇಲ್ಲಿಂದ ಕೊಡಬೇಕಾಗುತ್ತದೆ. ಆಮದು ಮರದ ಮೂಲ ಕೇಳುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಇಲ್ಲದಿರುವುದರಿಂದ ಆ ಕಾಗದವನ್ನು ಕೇಳಿ ಪಡೆಯುವ ಅಭ್ಯಾಸವೇ ಬೆಳೆದಿಲ್ಲ.

ಆಗಬೇಕಾದುದು

ಮೊದಲನೆಯದಾಗಿ, ವಿನಾಯಿತಿ ಪಡೆದ ಮರಗಳಿಗೂ ಒಂದು ಮೂಲ ಚೀಟಿ ಬೇಕು. ಅದು ಉಚಿತವಾಗಿರಬೇಕು, ಐಚ್ಛಿಕವಾಗಿರಬೇಕು. ಪಹಣಿ, ಸ್ಥಳದ ಗುರುತು, ಮರದ ಜಾತಿ ಮತ್ತು ಸಂಖ್ಯೆ ಇಷ್ಟನ್ನೇ ಒಳಗೊಂಡು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿಯೇ ದೊರೆಯಬೇಕು. ಅದು ಅನುಮತಿ ಪತ್ರದ ರೂಪ ತಾಳಿದ ದಿನವೇ ಇನ್ನೊಂದು ಕಿರುಕುಳದ ಕಿಟಕಿ ತೆರೆದಂತಾಗುತ್ತದೆ. ವಿನಾಯಿತಿಯ ಉದ್ದೇಶವೇ ಮಣ್ಣುಪಾಲಾಗುತ್ತದೆ.

ಎರಡನೆಯದಾಗಿ, ಸಾಮಿಲ್ಲುಗಳು ಒಳಬಂದ ದಿಮ್ಮಿಗೆ ರಾಶಿ ಸಂಖ್ಯೆ ಕೊಟ್ಟು, ಹಲಗೆಯಾಗಿ ಹೊರಹೋಗುವವರೆಗೆ ಅದನ್ನು ಕಾಪಾಡಬೇಕು. ಸರಕು ಸೇವಾ ತೆರಿಗೆಯ ಬಿಲ್ಲು ಬರೆಯುವ ಕೈಗೆ ಇದು ಒಂದು ಅಂಕಣದ ಹೆಚ್ಚುವರಿ ಕೆಲಸ. ಜಿಲ್ಲೆಗೆಲ್ಲ ಒಂದೇ ನಮೂನೆಯ ಪುಸ್ತಕ ಸಿದ್ಧಪಡಿಸಿ ಹಂಚುವುದು ವಾಣಿಜ್ಯ ಮಂಡಳಿಗಳಿಗೆ ದೊಡ್ಡ ವೆಚ್ಚವಲ್ಲ.

ಮೂರನೆಯದಾಗಿ, ಪ್ರಮಾಣೀಕರಣವನ್ನು ಗುಂಪಾಗಿ ಪಡೆಯಬೇಕು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ರೈತ ಉತ್ಪಾದಕ ಕಂಪನಿಗಳೋ ಸಹಕಾರ ಸಂಘಗಳೋ ಗುಂಪಿನ ಹೊಣೆ ಹೊತ್ತರೆ ಮೂವತ್ತು ಕಡತಗಳು ಒಂದಾಗುತ್ತವೆ. ಜೆಪಾರಾದ ಬಡಗಿಗಳನ್ನು ಉಳಿಸಿದ ಮಾರ್ಗ ಇದೇ.

ನಾಲ್ಕನೆಯದಾಗಿ, ಕೇಂದ್ರ ಸರ್ಕಾರವು ವ್ಯಾಪಾರ ಮಾತುಕತೆಗಳಲ್ಲಿ ರಾಷ್ಟ್ರೀಯ ಸಾಗಾಣಿಕೆ ಪರವಾನಗಿಗೂ ಪ್ರಮಾಣೀಕರಣ ಯೋಜನೆಗೂ ಸ್ಪಷ್ಟ ಮಾನ್ಯತೆ ಕೇಳಬೇಕು. ಸುಂಕಪಟ್ಟಿಯ ಗೊಂದಲಗಳನ್ನು ದಾಳಿ ನಡೆದ ಮೇಲೆ ಬಗೆಹರಿಸುವ ಬದಲು ಮೊದಲೇ ಬಗೆಹರಿಸಬೇಕು.

ಇಷ್ಟಾದರೂ ಒಂದು ವರ್ಗ ಹೊರಗುಳಿಯುತ್ತದೆ. ಬಗರ್‌ಹುಕುಂ ಸಾಗುವಳಿದಾರರು, ಕಂದಾಯ ಭೂಮಿಯೋ ಅರಣ್ಯ ಭೂಮಿಯೋ ಎಂಬ ವಿವಾದದಲ್ಲಿ ಸಿಲುಕಿದ ಹಿಡುವಳಿಗಳವರು ತಮ್ಮ ಹೆಸರಿನ ಪಹಣಿಯನ್ನೇ ತೋರಿಸಲಾರರು. ಅವರ ಮರ, ಅವರ ಕಾಫಿ ಎಷ್ಟು ಪ್ರಾಮಾಣಿಕವಾಗಿ ಬೆಳೆದದ್ದಾದರೂ ಪರದೇಶದ ನಿಯಮ ಅದನ್ನು ಒಪ್ಪದು. ಹಕ್ಕಿನ ಪ್ರಶ್ನೆಯನ್ನು ದಶಕಗಳಿಂದ ಮುಂದೂಡುತ್ತ ಬಂದುದರ ಬೆಲೆ ಈಗ ವಾಣಿಜ್ಯದ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತಿದೆ. ಈ ಕಾರ್ಯ ರಾಜ್ಯ ಸರ್ಕಾರದಿಂದ ಮಾತ್ರ ಸಾಧ್ಯ.

ತೇಗವೊಂದು ಕೊಯ್ಲಿಗೆ ಬರಲು ಇಪ್ಪತ್ತು ಇಪ್ಪತ್ತೈದು ವರ್ಷ ಬೇಕು. ಇಂದು ಯಗಟಿಯ ಬದುವಿನಲ್ಲಿ ನೆಟ್ಟ ಸಸಿ ಮಾರಾಟಕ್ಕೆ ಬರುವ ಹೊತ್ತಿಗೆ ಯಾವ ದೇಶದ ಯಾವ ಕಾನೂನು ಅದರ ಎದುರು ನಿಂತಿರುತ್ತದೆಯೋ ಊಹಿಸಲಾಗದು. ಅದು ಯಾವ ಸರ್ವೆ ನಂಬರಿನಲ್ಲಿ, ಯಾವ ವರ್ಷ ನೆಟ್ಟದ್ದು ಎಂಬ ಪ್ರಶ್ನೆ ಮಾತ್ರ ಅಂದೂ ಇರುತ್ತದೆ. ಅದಕ್ಕೆ ಉತ್ತರವನ್ನು ನೆಡುವ ದಿನವೇ ಬರೆದಿಡಲು ತಗಲುವುದು ಒಂದು ಹಾಳೆ ಕಾಗದದ ವೆಚ್ಚ. ಕಡಿದ ಮೇಲೆ ಹುಡುಕಲು ಹೊರಟರೆ ಮರದ ಬೆಲೆಯೇ ಸಾಲದು.